ಆರ್ಮಿ ಎಜುಕೇಶನ್ ಕೋರ್‌ನಲ್ಲಿ ಆಫೀಸರ್ ಆದರೆ ಬರೀ ಪಾಠ ಮಾಡೋದಾ?

ನೀವು ಕೇಳಿದ್ದು ಇಷ್ಟು. ಎಂ.ಎ. ಭೂಗೋಳ ಮುಗಿದಿದೆ, ವಯಸ್ಸು 25, ಪುಣೆಯ ಒಂದು ಕಾಲೇಜಿನಲ್ಲಿ ಸಿ.ಎಚ್.ಬಿ. (ತಾಸಿನ ಲೆಕ್ಕದ ಸಂಬಳ) ಮೇಲೆ ಪಾಠ ಮಾಡ್ತಾ ಇದ್ದೀರಿ, ಪರ್ಮನೆಂಟ್ ಆಗುವ ಲಕ್ಷಣ ಕಾಣುತ್ತಿಲ್ಲ. ಆರ್ಮಿ ಎಜುಕೇಶನ್ ಕೋರ್‌ಗೆ, ಅಂದರೆ ಸೇನೆಯ ಶಿಕ್ಷಣ ಶಾಖೆಗೆ, ಹೋದರೆ ಹೇಗೆ, ಅಲ್ಲಿ ಬರೀ ಮೇಷ್ಟ್ರ ಕೆಲಸವಾ, ಮುಂದೆ ಎನ್‌ಡಿಎಯಲ್ಲಿ (ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪಾಠ ಮಾಡಬಹುದಾ ಅಂತ.

ನಾನು ಆ ಕೋರ್‌ನಲ್ಲಿ 22 ವರ್ಷ ಇದ್ದೆ. ಊರು ವಿಜಯಪುರದ ಹತ್ತಿರ, ಈಗ ಪುಣೆಯ ಖಡಕಿಯಲ್ಲಿ ಮನೆ. ನನ್ನ ಉತ್ತರ: ಹೋಗಿ. ಆದರೆ ಲೆಕ್ಚರರ್ ಕೆಲಸ ಸಿಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಹೋಗಬೇಡಿ. ಯಾಕೆಂದರೆ ಅಲ್ಲಿ ನಿಮ್ಮ ಮುಂದೆ ಕೂರೋರು ಕಾಲೇಜು ಹುಡುಗರಲ್ಲ. ಮೂವತ್ತು, ಮೂವತ್ತೈದು ದಾಟಿದ ಗಂಡಸರು, ಹತ್ತನೇ ಕ್ಲಾಸಿಗೆ ಓದು ಬಿಟ್ಟು ಸೇನೆಗೆ ಬಂದವರು, ಬೆಳಿಗ್ಗೆ ಪಿ.ಟಿ., ಆಮೇಲೆ ಡ್ಯೂಟಿ ಎಲ್ಲ ಮುಗಿಸಿ ಸುಸ್ತಾಗಿ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಅವರಿಗೆ ಕಲಿಸೋದು ನಿಮಗೆ ಇಷ್ಟವಾಗುತ್ತಾ ಅನ್ನೋದನ್ನು ಮೊದಲು ನೋಡಿಕೊಳ್ಳಿ.

ಹೊರಗಿನವರಿಗೆ ಇದು ಗೊತ್ತಿರಲ್ಲ. ಜವಾನನಿಗೆ ಬಡ್ತಿ ಸಿಗಬೇಕಾದರೆ ಗುಂಡು ಹೊಡೆಯೋದು, ಓಡೋದು ಮಾತ್ರ ಸಾಲದು. ಆರ್ಮಿ ಸರ್ಟಿಫಿಕೇಟ್ ಆಫ್ ಎಜುಕೇಶನ್ ಅಂತ ಪರೀಕ್ಷೆಗಳಿವೆ, ಥರ್ಡ್, ಸೆಕೆಂಡ್, ಫಸ್ಟ್ ಕ್ಲಾಸ್ ಅಂತ ಮೆಟ್ಟಿಲು. ಜೊತೆಗೆ ಮ್ಯಾಪ್ ರೀಡಿಂಗ್. ಇವು ಪಾಸಾಗದಿದ್ದರೆ ಬಡ್ತಿ ನಿಂತುಬಿಡುತ್ತದೆ. ಬಡ್ತಿ ನಿಂತರೆ ಬರೀ ತೋಳಿನ ಪಟ್ಟಿಯ ಮಾತಲ್ಲ ಅದು. ನಾಯಕ್ ಆಗಿಯೇ ಉಳಿದವನು ಬೇಗ ಮನೆಗೆ ಹೋಗಬೇಕು. ಹವಾಲ್ದಾರ್, ನಾಯಬ್ ಸುಬೇದಾರ್ ಆದ ಹಾಗೆ ಸೇವೆಯ ವರ್ಷ ಹೆಚ್ಚುತ್ತದೆ, ಪಿಂಚಣಿಯೂ ಹೆಚ್ಚುತ್ತದೆ. ಅಂದರೆ ನೀವು ಬೋರ್ಡಿನ ಮೇಲೆ ಬರೆಯೋ ಒಂದು ಲೆಕ್ಕ ಅವನ ಮಗಳ ಕಾಲೇಜು ಫೀಸಿನವರೆಗೂ ಹೋಗಿ ಮುಟ್ಟುತ್ತದೆ. ನನಗೆ ಇದು ಅರ್ಥವಾಗೋಕೆ ಎರಡು ವರ್ಷ ಬೇಕಾಯಿತು, ಅರ್ಥವಾದ ಮೇಲೆ ತಯಾರಿ ಇಲ್ಲದೆ ಒಂದು ದಿನವೂ ಕ್ಲಾಸಿಗೆ ಹೋಗಲಿಲ್ಲ.

ಒಂದು ಘಟನೆ ಹೇಳುತ್ತೇನೆ, ನೀವು ಭೂಗೋಳದವರು, ಬೇಗ ಗೊತ್ತಾಗುತ್ತದೆ. ನಾನು ಪುಣೆಯಲ್ಲಿದ್ದಾಗ ಬಾಗಲಕೋಟೆ ಕಡೆಯ ಒಬ್ಬ ನಾಯಕ್ ಮ್ಯಾಪ್ ರೀಡಿಂಗ್‌ನಲ್ಲಿ ಎರಡು ಸಲ ಫೇಲಾಗಿದ್ದ. ನಕ್ಷೆಯ ಚೌಕಗಳಲ್ಲಿ ಜಾಗ ಹೇಳೋ ಗ್ರಿಡ್ ರೆಫರೆನ್ಸ್ ಚೆನ್ನಾಗಿಯೇ ಹೇಳುತ್ತಿದ್ದ, ಆರು ಅಂಕಿ, ಮೊದಲು ಈಸ್ಟಿಂಗ್ (ಪೂರ್ವದ ಕಡೆ ಎಷ್ಟು), ಆಮೇಲೆ ನಾರ್ತಿಂಗ್ (ಉತ್ತರದ ಕಡೆ ಎಷ್ಟು), ತಪ್ಪೇ ಇಲ್ಲ. ಎತ್ತರ ತೋರಿಸೋ ಕಾಂಟೂರ್ ಗೆರೆ ಬಂದ ತಕ್ಷಣ ಕೈ ನಿಲ್ಲುತ್ತಿತ್ತು. ಆ ಕಂದು ಬಣ್ಣದ ಗೆರೆಗಳನ್ನು ಅವನು ದಾರಿ ಅಂದುಕೊಂಡಿದ್ದ, ಪಾಪ. 1:50,000 ಟೋಪೋಶೀಟಿನಲ್ಲಿ (ನೆಲದ ಏರಿಳಿತ ತೋರಿಸೋ ನಕ್ಷೆ) ಎರಡು ಗೆರೆಗಳ ಮಧ್ಯೆ 20 ಮೀಟರ್ ಎತ್ತರದ ವ್ಯತ್ಯಾಸ ಅಂತ ಹತ್ತು ಸಲ ಹೇಳಿದೆ. ತಲೆ ಆಡಿಸುತ್ತಿದ್ದ, ಆದರೆ ಕಣ್ಣಲ್ಲಿ ಏನೂ ಇಳಿದಿಲ್ಲ ಅಂತ ನನಗೆ ಗೊತ್ತಾಗುತ್ತಿತ್ತು.

ಮೇ ತಿಂಗಳು. ಒಂದು ಬೆಳಿಗ್ಗೆ ಎಂಟು ಜನರನ್ನು ಜಿಪ್ಸಿ ಮತ್ತು ಒಂದು ಟ್ರಕ್ಕಿನಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನ ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋದೆ. ನೀರು ಇಳಿದಿತ್ತು. ದಡದ ಮಣ್ಣಿನ ಮೇಲೆ ನೀರು ನಿಂತು ನಿಂತು ಇಳಿದ ಗುರುತು, ಒಂದರ ಕೆಳಗೊಂದು ಗೆರೆ, ಉದ್ದಕ್ಕೂ. ಒಂದು ಗೆರೆ ತೋರಿಸಿ ಕೇಳಿದೆ, ಈ ಗೆರೆಯ ಆ ತುದಿ ಎತ್ತರವೋ, ಈ ತುದಿಯೋ? ಅವನು ಕುಕ್ಕರುಗಾಲಲ್ಲಿ ಕೂತು ಬೆರಳನ್ನು ಗೆರೆಯ ಮೇಲೆ ಎಳೆಯುತ್ತಾ ಹೋದ. ನೀರು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ನಿಲ್ಲೋದಿಲ್ಲ ಅಲ್ವಾ, ಗೆರೆ ಪೂರ್ತಿ ಒಂದೇ ಮಟ್ಟ. ದಡ ಕಡಿದಾಗಿರೋ ಕಡೆ ಗೆರೆಗಳು ಒತ್ತೊತ್ತಾಗಿದ್ದವು, ಇಳಿಜಾರು ಮೆತ್ತಗಿರೋ ಕಡೆ ದೂರ ದೂರ. ಅವನು ಸುಮ್ನೆ ನೋಡ್ತಾ ಇದ್ದು ಆಮೇಲೆ ಕ್ಲಾಸಿನ ಹಿಂದಿ ಬಿಟ್ಟು ಕನ್ನಡದಲ್ಲೇ ಹೇಳಿದ, "ಸರ, ಬ್ಯಾಸಿಗ್ಯಾಗ ನಮ್ಮೂರ ಕೆರಿ ದಂಡಿ ಹಿಂಗ ಕಾಣತದ್ರಿ. ಇದ ಏನ್ರಿ ಕಾಂಟೂರ್?" ಇದೇ ಅಂದೆ.

ಆಮೇಲೆ ಕಂಪಾಸ್ ಕೊಟ್ಟೆ. ಸಿಂಹಗಡದ ಮೇಲಿನ ಟಿವಿ ಟವರ್ ಮತ್ತು ದೂರದ ಒಂದು ಗುಡಿಯ ಶಿಖರ, ಎರಡಕ್ಕೂ ಬೇರಿಂಗ್ (ಉತ್ತರದಿಂದ ಎಷ್ಟು ಡಿಗ್ರಿ ಅನ್ನೋದು) ತೆಗೆದು ನಾವು ಎಲ್ಲಿದ್ದೇವೆ ಅಂತ ನಕ್ಷೆಯಲ್ಲಿ ಗುರುತಿಸಬೇಕು. ಟವರಿಗೆ 195 ಡಿಗ್ರಿ ಬಂದರೆ 180 ಕಳೆದು 15, ಆ ಗೆರೆಯನ್ನು ಟವರಿನಿಂದ ಹಿಂದಕ್ಕೆ ಎಳೆಯೋದು. ಗುಡಿಯಿಂದಲೂ ಹಾಗೇ. ಎರಡು ಗೆರೆ ಕೂಡೋ ಜಾಗದಲ್ಲಿ ನಾವು. ಅವನ ಗೆರೆಗಳು ಕೂಡಿದ್ದು ನೀರಿನ ಮಧ್ಯದಲ್ಲಿ. ಉಳಿದವರು ನಕ್ಕರು. ಅವನು ನಗಲಿಲ್ಲ, ಸುತ್ತ ನೋಡಿದ, ಜಿಪ್ಸಿಯ ಬಾನೆಟ್‌ಗೆ ಒರಗಿ ನಿಂತಿದ್ದ ಅಂತ ಅವನಿಗೇ ಹೊಳೆಯಿತು. ಕಬ್ಬಿಣದ ಹತ್ತಿರ ಮುಳ್ಳು ಸುಳ್ಳು ಹೇಳುತ್ತದೆ. ನಾನು ಬಾಯಿ ಬಿಡೋ ಮೊದಲೇ ಗಾಡಿಯಿಂದ ನಲವತ್ತು ಹೆಜ್ಜೆ ದೂರ ನಡೆದು, ಮತ್ತೆ ಕಂಪಾಸ್ ಕಣ್ಣಿಗೆ ಹಿಡಿದ. ಈ ಸಲ ಸರಿಯಾಗಿ ದಡದ ಮೇಲೆ ಬಂತು. ಆ ವರ್ಷ ಪಾಸಾದ. ನಾಯಬ್ ಸುಬೇದಾರ್ ಆಗಿ ನಿವೃತ್ತನಾದ, ಈಗಲೂ ದಸರಾಕ್ಕೆ ಫೋನ್ ಮಾಡ್ತಾನೆ.

ಇನ್ನು ಬರೀ ಪಾಠವಾ ಅಂತ ಕೇಳಿದ್ರಲ್ಲ. ಅಲ್ಲ. ಮೊದಲು ನೀವು ಸೈನಿಕ. ಡೆಹ್ರಾಡೂನ್‌ನ ಐಎಂಎಯಲ್ಲಿ (ಇಂಡಿಯನ್ ಮಿಲಿಟರಿ ಅಕಾಡೆಮಿ) ಸುಮಾರು ಒಂದು ವರ್ಷ ಟ್ರೈನಿಂಗ್, ಅಲ್ಲಿ ಎಜುಕೇಶನ್ ಕೋರ್‌ಗೆ ಹೋಗೋನು ಅಂತ ಯಾರೂ ರಿಯಾಯಿತಿ ಕೊಡಲ್ಲ. ಲೆಫ್ಟಿನೆಂಟ್ ಆಗಿ ಹೊರಬಂದ ಮೇಲೆ ನನ್ನನ್ನು ಮೊದಲು ಕಳಿಸಿದ್ದು ಒಂದು ಇನ್‌ಫೆಂಟ್ರಿ ಬೆಟಾಲಿಯನ್‌ಗೆ. ಅಲ್ಲಿ ರಾತ್ರಿ ಗಸ್ತು, ಬಂಕರ್, ಜವಾನರ ಜೊತೆ ಲಂಗರ್ ಊಟ. ಆಗ ಬೇಜಾರಾಗಿತ್ತು, ಪಾಠ ಮಾಡೋಕೆ ಬಂದವನಿಗೆ ಇದೇನು ಅಂತ. ಆದರೆ ಅದಿಲ್ಲದೆ ಹೋಗಿದ್ದರೆ ಆ ಜನ ನನ್ನ ಕ್ಲಾಸಿನಲ್ಲಿ ಮನಸ್ಸು ಕೊಟ್ಟು ಕೂರುತ್ತಿರಲಿಲ್ಲ. ರಾತ್ರಿ ನಕ್ಷೆ ಹಿಡಿದು ನಡೆದವನು ಕಲಿಸಿದರೆ ಬೇರೆ, ಪುಸ್ತಕ ನೋಡಿ ಕಲಿಸಿದರೆ ಬೇರೆ, ಅವರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೋರ್‌ನ ಸ್ವಂತ ಟ್ರೈನಿಂಗ್ ಕಾಲೇಜು ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ಸೇನೆಯ ಬ್ಯಾಂಡಿನವರು ಕಲಿಯೋ ಮಿಲಿಟರಿ ಮ್ಯೂಸಿಕ್ ವಿಂಗ್ ಕೂಡ ಅಲ್ಲೇ. ಬೆಳಿಗ್ಗೆ ನೀವು ಕ್ಲಾಸಿಗೆ ಹೋಗೋ ಹೊತ್ತಿಗೆ ಸಾಲು ಮರಗಳ ಕೆಳಗೆ ಕ್ಲಾರಿನೆಟ್ ಅಭ್ಯಾಸ ನಡೆಯುತ್ತಿರುತ್ತದೆ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ವಿದೇಶಿ ಭಾಷೆ ಕಲಿಯೋ, ಕಲಿಸೋ ಅವಕಾಶವೂ ಈ ಕೋರ್‌ನಲ್ಲಿದೆ. ನಮ್ಮ ಕಡೆಯ ಬೆಳಗಾವಿ, ಬೆಂಗಳೂರಿನ ರಾಷ್ಟ್ರೀಯ ಮಿಲಿಟರಿ ಸ್ಕೂಲ್‌ಗಳಿಗೆ ಪ್ರಿನ್ಸಿಪಾಲ್ ಆಗಿ ಬರೋರು ಇದೇ ಕೋರ್‌ನವರು.

ಎನ್‌ಡಿಎ ವಿಷಯದಲ್ಲಿ ಮಾತ್ರ ನಿಮ್ಮ ಲೆಕ್ಕ ಸ್ವಲ್ಪ ತಪ್ಪಿದೆ. ಖಡಕ್‌ವಾಸ್ಲಾದಲ್ಲಿ ಕೆಡೆಟ್‌ಗಳಿಗೆ ಜೆಎನ್‌ಯು ಡಿಗ್ರಿಯ ವಿಷಯಗಳನ್ನು ಕಲಿಸೋರು ಹೆಚ್ಚಾಗಿ ಸಿವಿಲಿಯನ್ ಅಧ್ಯಾಪಕರು, ಅವರನ್ನು ಯುಪಿಎಸ್‌ಸಿ ಆರಿಸುತ್ತದೆ. ಕೋರ್‌ನ ಆಫೀಸರ್‌ಗಳೂ ಅಲ್ಲಿ ಇರುತ್ತಾರೆ, ಆದರೆ ಪೋಸ್ಟಿಂಗ್ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಆಸೆ ಎನ್‌ಡಿಎ ಕ್ಲಾಸ್‌ರೂಮ್ ಒಂದೇ ಆಗಿದ್ದರೆ, ಸಮವಸ್ತ್ರ ಬೇಡ ಅನ್ನೋದಾದರೆ, ಯುಪಿಎಸ್‌ಸಿ ದಾರಿಯನ್ನೇ ಹಿಡಿಯಿರಿ.

ಸೇರೋ ದಾರಿ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್‌ನ ಎಜುಕೇಶನ್ ಎಂಟ್ರಿ ಆಗಿತ್ತು, ಈಗಲೂ ಇದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಹೆಸರಲ್ಲಿ ಟೆಕ್ನಿಕಲ್ ಇದೆ ಅಂತ ಗಾಬರಿಯಾಗಬೇಡಿ. ಒಪ್ಪಿತ ವಿಷಯದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಫಸ್ಟ್ ಅಥವಾ ಸೆಕೆಂಡ್ ಡಿವಿಷನ್ ಇರಬೇಕಿತ್ತು, ವಯಸ್ಸು 23ರಿಂದ 27. ಲಿಖಿತ ಪರೀಕ್ಷೆ ಇರಲಿಲ್ಲ, ಅಂಕ ನೋಡಿ ನೇರವಾಗಿ ಎಸ್‌ಎಸ್‌ಬಿಗೆ, ಅಂದರೆ ಆಫೀಸರ್ ಆಯ್ಕೆಯ ಮಂಡಳಿಗೆ, ಕರೆಯುತ್ತಿದ್ದರು. ಪ್ರತಿ ವರ್ಷವೂ ಕರೆದೇ ಕರೆಯುತ್ತಾರೆ ಅಂತ ನಂಬಿ ಕೂರಬೇಡಿ, ಸೇನೆಯ ಭರ್ತಿ ವೆಬ್‌ಸೈಟ್ ನೋಡ್ತಾ ಇರಿ, ವಿಷಯಗಳ ಪಟ್ಟಿ ಆ ಅಧಿಸೂಚನೆಯಲ್ಲಿರುವುದೇ ಸರಿ. ನಿಮಗೆ 25, ಅಂದರೆ ಜಾಸ್ತಿ ಸಮಯ ಇಲ್ಲ. ನಿಮ್ಮ ತಂಗಿಯೂ ಎಂ.ಎ. ಮಾಡ್ತಿದ್ದಾಳೆ ಅಂತ ಬರೆದಿದ್ದೀರಿ, ಅವಳಿಗೂ ಹೇಳಿ, ಆದರೆ ಈ ಎಂಟ್ರಿ ಗಂಡಸರಿಗೆ ಮಾತ್ರ ಇತ್ತು, ಹೆಣ್ಣುಮಕ್ಕಳ ದಾರಿ ಬೇರೆ. ವೈದ್ಯಕೀಯ ಶಾಖೆಗಳನ್ನು ಬಿಟ್ಟರೆ ಹೆಣ್ಣುಮಕ್ಕಳಿಗೆ ಮೊದಲು ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗೆ ಆಫೀಸರ್ ಆಗಿ ಇರೋ ಹಕ್ಕು) ಕೊಟ್ಟಿದ್ದು ಎರಡೇ ಶಾಖೆಗಳಲ್ಲಿ, 2008ರಲ್ಲಿ, ಕಾನೂನು ಶಾಖೆ ಮತ್ತು ನಮ್ಮ ಕೋರ್.

ಎಸ್‌ಎಸ್‌ಬಿ ಐದು ದಿನ. ಅದರಲ್ಲಿ 60 ಪದಗಳನ್ನು ಒಂದೊಂದಕ್ಕೆ 15 ಸೆಕೆಂಡಿನಂತೆ ತೋರಿಸಿ ವಾಕ್ಯ ಬರೆಸುತ್ತಾರೆ, ಅಲ್ಲಿ ಬಾಯಿಪಾಠ ನಡೆಯಲ್ಲ, ನೀವು ಏನೋ ಅದೇ ಹೊರಬರುತ್ತದೆ. ಕ್ಲಾಸಿನಲ್ಲಿ ನಿಂತು ಅಭ್ಯಾಸ ಇರೋರಿಗೆ ಗ್ರೂಪ್ ಡಿಸ್ಕಷನ್‌ನಲ್ಲಿ ಒಂದು ತೊಂದರೆ ಇದೆ, ಎಲ್ಲರಿಗೂ ಪಾಠ ಮಾಡೋಕೆ ಶುರು ಮಾಡುತ್ತಾರೆ. ನಾನು ಮೊದಲ ಸಲ ಹೊರಬಿದ್ದಿದ್ದು ಅದಕ್ಕೇ ಅಂತ ಈಗಲೂ ನನ್ನ ಅನಿಸಿಕೆ. ಬೇರೆಯವರ ಮಾತು ಪೂರ್ತಿ ಕೇಳಿಸಿಕೊಳ್ಳಿ.

ಕರೆ ಬೆಂಗಳೂರಿಗೆ ಬಂದರೆ ಪುಣೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಸರಿಹೋಗುತ್ತದೆ. ಹೊಸ ಶೂ ಹಾಕಿಕೊಂಡು ಹೋಗಬೇಡಿ, ಈಗಿನಿಂದಲೇ ಓಡೋ ಅಭ್ಯಾಸ ಇರೋ ಹಳೇ ಜೋಡಿಯನ್ನೇ ಒಯ್ಯಿರಿ. ಮತ್ತೆ ಏನಾದರೂ ಕೇಳೋದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ರಾತ್ರಿ ಊಟ ಆದ ಮೇಲೆ ನೋಡ್ತೀನಿ.