ಬಾಯಿಪಾಠ ಸಾಲದು, ಎದುರಿನವರ ಮಾತು ಕೇಳಿಸಿಕೊಳ್ಳಿ

ಪ್ರಶ್ನೆ: ನಾನು 9ನೇ ತರಗತಿ ವಿದ್ಯಾರ್ಥಿನಿ. ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ಬಂದಿದೆ. ಆ ಧೈರ್ಯದಿಂದ ಈ ವರ್ಷ ಶಾಲೆಯ ಚರ್ಚಾ ತಂಡ ಸೇರಿದೆ. ಮೊದಲ ಅಭ್ಯಾಸ ಪಂದ್ಯದಲ್ಲೇ ಸೋತೆವು. ಬರೆದುಕೊಂಡಿದ್ದನ್ನು ಒಂದೂ ತಪ್ಪಿಲ್ಲದೆ ಹೇಳಿದ್ದೆ. ತಡವರಿಸುತ್ತಾ ಮಾತಾಡಿದ ಎದುರು ತಂಡದ ಹುಡುಗನಿಗೆ ನನಗಿಂತ ಜಾಸ್ತಿ ಅಂಕ ಬಂತು. ನಾನು ಎಲ್ಲಿ ತಪ್ಪಿದೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಬೇಜಾರಾಗಿದೆ ಅಂತ ಗೊತ್ತು. ಭಾಷಣದಿಂದ ಚರ್ಚೆಗೆ ಬರುವ ಬಹಳಷ್ಟು ಮಕ್ಕಳು ಎಡವುವ ಜಾಗ ಇದೇ. ಭಾಷಣದಲ್ಲಿ ನೀವು ಮತ್ತು ಸಭೆ, ಇಬ್ಬರೇ. ಚರ್ಚೆಯಲ್ಲಿ ಮೂರನೆಯವರೊಬ್ಬರು ಎದುರು ಕೂತಿರುತ್ತಾರೆ. ಅವರು ಈಗ ತಾನೇ ಏನೋ ಹೇಳಿ ಕೂತಿದ್ದಾರೆ. ಅದಕ್ಕೆ ನೀವು ಏನು ಹೇಳುತ್ತೀರಿ ಅಂತ ತೀರ್ಪುಗಾರರು ಕಾಯುತ್ತಾರೆ. ಆ ಹುಡುಗ ತಡವರಿಸುತ್ತಲೇ ನಿಮ್ಮ ಮಾತಿಗೆ ಉತ್ತರ ಕೊಟ್ಟಿರಬೇಕು. ನೀವು ಮನೆಯಲ್ಲಿ ಬರೆದದ್ದನ್ನು ಒಪ್ಪಿಸಿರಬೇಕು.

ನಾನು ತರಬೇತಿ ಕೊಡುತ್ತಿದ್ದ ಒಂದು ತಂಡದ ಕಥೆ ಹೇಳುತ್ತೇನೆ. ವಿಷಯ: ‘ಹೋಮ್‌ವರ್ಕ್ ರದ್ದಾಗಬೇಕು’. ನಮ್ಮವರದು ಪರ. ಮೂರನೇ ಭಾಷಣಕಾರ ಒಳ್ಳೆ ಮಾತುಗಾರ. ‘ಹೋಮ್‌ವರ್ಕ್ ಇಲ್ಲದಿದ್ದರೆ ಅಂಕ ಕಡಿಮೆಯಾಗುತ್ತದೆ’ ಅಂತ ಎದುರಿನವರು ಹೇಳೇ ಹೇಳುತ್ತಾರೆ ಎಂದುಕೊಂಡು, ಅದಕ್ಕೆ ಚೆಂದದ ಉತ್ತರ ಬಾಯಿಪಾಠ ಮಾಡಿದ್ದ. ಅವರು ಅಂಕದ ಮಾತೇ ಎತ್ತಲಿಲ್ಲ. ‘ಯಾರ ಸಹಾಯವೂ ಇಲ್ಲದೆ ಒಬ್ಬರೇ ಕೂತು ಕೆಲಸ ಮಾಡುವ ಅಭ್ಯಾಸ ಹೋಮ್‌ವರ್ಕ್‌ನಿಂದ ಬರುತ್ತದೆ’ ಎಂದರು. ನಮ್ಮ ಹುಡುಗ ಎದ್ದು ನಿಂತು ಅಂಕದ ಬಗ್ಗೆಯೇ ಮಾತಾಡಿದ. ಎರಡನೇ ನಿಮಿಷದಲ್ಲಿ ತೀರ್ಪುಗಾರರು ಪೆನ್ನಿನ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟರು. ಬರೆದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆ ಪೆನ್ನು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಅವನಿಗೆ ಕೇಳಿಸಿಕೊಳ್ಳೋದನ್ನು ಕಲಿಸದೇ ಇದ್ದದ್ದು ನನ್ನ ತಪ್ಪು.

ಹಾಗಾಗಿ ನೀವು ಮೊದಲು ಕಲಿಯಬೇಕಾದದ್ದು ಬರೆದುಕೊಳ್ಳೋದು. ಒಂದು ದೊಡ್ಡ ಹಾಳೆಯನ್ನು ಅಡ್ಡಡ್ಡ ಇಟ್ಟುಕೊಳ್ಳಿ. ಎಷ್ಟು ಜನ ಮಾತಾಡುತ್ತಾರೋ ಅಷ್ಟು ಕಾಲಂ ಬರುವಂತೆ ಮಡಚಿ. ಒಬ್ಬೊಬ್ಬರಿಗೆ ಒಂದೊಂದು ಕಾಲಂ. ನಿಮ್ಮ ತಂಡದ ಮಾತು ನೀಲಿ ಶಾಯಿಯಲ್ಲಿ, ಅವರದು ಕೆಂಪಿನಲ್ಲಿ. ಪೂರ್ತಿ ವಾಕ್ಯ ಬರೆಯಬೇಡಿ, ಒಂದು ವಾದಕ್ಕೆ ಮೂರು ನಾಲ್ಕು ಪದ ಸಾಕು. ಯಾವ ಮಾತಿಗೆ ಯಾರು ಉತ್ತರ ಕೊಟ್ಟರೋ ಅಲ್ಲಿಂದ ಇಲ್ಲಿಗೆ ಒಂದು ಬಾಣದ ಗುರುತು ಎಳೆಯಿರಿ. ಚರ್ಚಾ ತಂಡಗಳಲ್ಲಿ ಇದಕ್ಕೆ ‘ಫ್ಲೋ’ ಅನ್ನುತ್ತಾರೆ. ನಿಮ್ಮ ಸರದಿ ಬಂದಾಗ ಹಾಳೆ ನೋಡಿ. ಯಾವ ಕೆಂಪು ಸಾಲಿನಿಂದ ಬಾಣ ಹೊರಟಿಲ್ಲವೋ ಅದಕ್ಕೆ ನಿಮ್ಮ ತಂಡದಲ್ಲಿ ಯಾರೂ ಉತ್ತರ ಕೊಟ್ಟಿಲ್ಲ ಅಂತ ಅರ್ಥ. ನೀವು ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಶುರುವಿನಲ್ಲಿ ಅರ್ಧ ಮಾತು ಕೈಬಿಟ್ಟು ಹೋಗುತ್ತದೆ, ಹೆದರಬೇಡಿ. ದಿನಾ ಹತ್ತು ನಿಮಿಷ ಯಾವುದಾದರೂ ಚರ್ಚೆ ಹಾಕಿಕೊಂಡು ಕೇಳುತ್ತಾ ಬರೆಯಿರಿ. ಕೆಲವು ವಾರದಲ್ಲಿ ಕೈ ಪಳಗುತ್ತದೆ.

ಉತ್ತರ ಕೊಡುವ ರೀತಿಯನ್ನು ಮೇಲಿನ ಉದಾಹರಣೆಯಲ್ಲೇ ತೋರಿಸುತ್ತೇನೆ. ನಮ್ಮ ಹುಡುಗ ಹೀಗೆ ಹೇಳಬಹುದಿತ್ತು: ‘ಒಬ್ಬರೇ ಕೂತು ಕೆಲಸ ಮಾಡುವ ಅಭ್ಯಾಸ ಹೋಮ್‌ವರ್ಕ್‌ನಿಂದ ಬರುತ್ತದೆ ಎಂದರು. ನಾವು ಒಪ್ಪುವುದಿಲ್ಲ. ಗೊತ್ತಾಗದ ಲೆಕ್ಕ ಬಂದಾಗ ಮಗು ಅಪ್ಪ ಅಮ್ಮನನ್ನು ಕೇಳುತ್ತದೆ, ಇಲ್ಲವೇ ಗೆಳೆಯನ ಪುಸ್ತಕ ನೋಡಿ ಬರೆಯುತ್ತದೆ. ಅದೇ ಅಭ್ಯಾಸ ತರಗತಿಯಲ್ಲಿ, ಶಿಕ್ಷಕರ ಕಣ್ಣೆದುರು ಬರಲು ಸಾಧ್ಯವಿದೆ. ಹಾಗಾಗಿ ಅವರು ಹೇಳಿದ ಲಾಭ ಹೋಮ್‌ವರ್ಕ್ ಇಲ್ಲದೆಯೂ ಸಿಗುತ್ತದೆ.’ ಅವರು ಹೇಳಿದ್ದು, ನಾವು ಹೇಳುವುದು, ಯಾಕೆ, ಅದರಿಂದ ಏನಾಯಿತು. ನಾಲ್ಕೇ ಹೆಜ್ಜೆ. ಹೆಚ್ಚಿನ ಮಕ್ಕಳು ನಾಲ್ಕನೆಯದನ್ನು ಬಿಟ್ಟುಬಿಡುತ್ತಾರೆ. ಅವರ ವಾದ ಬಿದ್ದರೆ ಪಂದ್ಯದಲ್ಲಿ ಏನು ಬದಲಾಗುತ್ತದೆ ಅನ್ನೋದನ್ನು ನೀವೇ ಹೇಳಬೇಕು. ತೀರ್ಪುಗಾರರು ತಾವೇ ಊಹಿಸಿಕೊಳ್ಳಲಿ ಅಂತ ಬಿಡಬೇಡಿ. ಎದುರಿನವರ ವಾದವನ್ನು ತಿರುಚದೆ ಹೇಳೋದೂ ಅಷ್ಟೇ ಮುಖ್ಯ. ತಿರುಚಿ ಹೇಳಿದರೆ, ‘ನಾವು ಹಾಗೆ ಹೇಳಲೇ ಇಲ್ಲ’ ಅನ್ನುವ ಒಂದೇ ಮಾತಿನಲ್ಲಿ ನಿಮ್ಮ ಒಂದು ನಿಮಿಷ ಹಾಳಾಗುತ್ತದೆ.

ಇನ್ನೊಂದು ವಿಷಯ. ನಿಮ್ಮ ಸ್ಪರ್ಧೆ ಯಾವ ಮಾದರಿಯದು ಅಂತ ಮೊದಲು ಕೇಳಿ ತಿಳಿದುಕೊಳ್ಳಿ, ನಿಯಮಗಳು ತುಂಬಾ ಬೇರೆ ಬೇರೆ. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ವಿಶ್ವ ಶಾಲಾ ಚರ್ಚಾ ಚಾಂಪಿಯನ್‌ಶಿಪ್‌ನ ಮಾದರಿಯಲ್ಲಿ ಪ್ರತಿ ತಂಡದಿಂದ ಮೂವರು 8 ನಿಮಿಷದಂತೆ ಮಾತಾಡುತ್ತಾರೆ. ಕೊನೆಗೆ 4 ನಿಮಿಷದ ಸಮಾರೋಪ ಭಾಷಣ ಇರುತ್ತದೆ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ನಡುವೆ ಎದುರು ತಂಡದವರು ಎದ್ದು ಪ್ರಶ್ನೆ ಕೇಳಬಹುದು. ಅಲ್ಲಿ ನೂರು ಅಂಕದಲ್ಲಿ ವಿಷಯಕ್ಕೆ 40, ಹೇಳುವ ಶೈಲಿಗೆ 40, ತಂತ್ರಕ್ಕೆ 20. ನಿಮ್ಮ ಭಾಷಣದ ಅನುಭವ ಆ ಶೈಲಿಯ 40ರಲ್ಲಿ ಖಂಡಿತ ಕೈಹಿಡಿಯುತ್ತದೆ. ಉಳಿದ 60ಕ್ಕೆ ಆ ಹಾಳೆ ಬೇಕು. ನಿಮಗೆ ಒಳ್ಳೆ ದನಿ ಇದೆ, ಸಭೆಯ ಮುಂದೆ ನಿಲ್ಲುವ ಅಭ್ಯಾಸ ಇದೆ. ದಯವಿಟ್ಟು ತಂಡ ಬಿಡಬೇಡಿ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ, ವೇದಿಕೆ ಅಂದರೆ ಕೈಕಾಲು ನಡುಗುತ್ತದೆ. ಆದರೂ ಸ್ಪರ್ಧೆಗೆ ಹೋಗಬೇಕು ಅನ್ನುತ್ತಾಳೆ. ಭಾಷಣ ಒಳ್ಳೆಯದೋ ಚರ್ಚೆಯೋ? ನಾನೇ ಭಾಷಣ ಬರೆದುಕೊಡಲೇ?

ಉತ್ತರ: ಬರೆದುಕೊಡಬೇಡಿ. ದೊಡ್ಡವರು ಬರೆದ ವಾಕ್ಯ ಮಗುವಿನ ಬಾಯಲ್ಲಿ ಸರಿಯಾಗಿ ಕೂರುವುದಿಲ್ಲ. ನಡುವೆ ಒಂದು ಪದ ಮರೆತರೆ ಮುಂದಿನದೂ ಹೋಗುತ್ತದೆ. ಅವಳು ಹೇಳಲಿ, ನೀವು ಕೇಳಿ. ‘ಇದು ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳು’ ಅನ್ನಿ. ಎರಡನೇ ಸಲ ಹೇಳುವಾಗ ಬರುವ ವಾಕ್ಯ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದನ್ನೇ ಬರೆದುಕೊಳ್ಳಲಿ.

ಸಭಾಕಂಪ ಇರುವ ಮಕ್ಕಳಿಗೆ ಭಾಷಣವೇ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದಂತೆ ಎಷ್ಟೋ ಮಕ್ಕಳಿಗೆ ಚರ್ಚೆಯೇ ಹಗುರ. ಪಕ್ಕದಲ್ಲಿ ತಂಡದವರು ಇರುತ್ತಾರೆ. ಎದುರಿನವರ ಮಾತಿನಲ್ಲಿ ಗಮನ ಇಟ್ಟಾಗ ತನ್ನ ಭಯದ ಕಡೆ ಗಮನ ಹೋಗುವುದಿಲ್ಲ. ಸುಮ್ನೆ ಕೂತು ಕೇಳುವ ಮಕ್ಕಳು ಒಳ್ಳೆ ಉತ್ತರ ಕೊಡುವುದೂ ಉಂಟು. ಎರಡನ್ನೂ ಒಂದೊಂದು ಸಲ ಮಾಡಿ ನೋಡಲಿ, ಆಮೇಲೆ ಅವಳೇ ಹೇಳುತ್ತಾಳೆ. ಆಶುಭಾಷಣವನ್ನು ಮಾತ್ರ ಸ್ವಲ್ಪ ಮುಂದಕ್ಕೆ ಇಟ್ಟುಕೊಳ್ಳಿ.

ಕೈ ನಡುಕಕ್ಕೆ ಒಂದು ಚಿಕ್ಕ ಉಪಾಯ: ಹಾಳೆ ಕೊಡಬೇಡಿ, ಅಂಗೈ ಅಗಲದ ದಪ್ಪ ಕಾರ್ಡ್ ಕೊಡಿ. ತೆಳು ಹಾಳೆ ಸಣ್ಣ ನಡುಕವನ್ನೂ ದೊಡ್ಡದಾಗಿ ತೋರಿಸುತ್ತದೆ, ಸದ್ದೂ ಮಾಡುತ್ತದೆ. ಅದನ್ನು ನೋಡಿಯೇ ಮಗುವಿಗೆ ಇನ್ನೂ ಗಾಬರಿ. ಕಾರ್ಡ್ ಅಲುಗಾಡುವುದು ಯಾರಿಗೂ ಕಾಣುವುದಿಲ್ಲ. ಮೊದಲ ಎರಡು ವಾಕ್ಯ ಮಾತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುವಂತೆ ಕಲಿತಿರಲಿ. ವೇದಿಕೆ ಮೇಲೆ ನಿಂತು, ಉಸಿರು ಬಿಟ್ಟು, ಮುಖ ಎತ್ತಿ ನೋಡಿ, ಆಮೇಲೆ ಶುರು ಮಾಡಲಿ. ಗಡಿಯಾರ ಅಷ್ಟು ಬೇಗ ಓಡುವುದಿಲ್ಲ.

ಪ್ರಶ್ನೆ: ನಾನು ನಂಬದ ಪಕ್ಷವನ್ನು ವಹಿಸಿಕೊಂಡು ವಾದ ಮಾಡಬೇಕು ಅನ್ನುತ್ತಾರೆ. ಅದು ಸುಳ್ಳು ಹೇಳಿದ ಹಾಗೆ ಅಲ್ವಾ?

ಉತ್ತರ: ಒಳ್ಳೆ ಪ್ರಶ್ನೆ. ಕೊಟ್ಟ ಪಕ್ಷವನ್ನು ವಾದಿಸುತ್ತಿದ್ದೀರಿ ಅಂತ ಅಲ್ಲಿ ಕೂತ ಎಲ್ಲರಿಗೂ ಗೊತ್ತು, ಯಾರಿಗೂ ಮೋಸ ಆಗುವುದಿಲ್ಲ. ಅಮೆರಿಕದ ಶಾಲೆಗಳ ‘ಪಬ್ಲಿಕ್ ಫೋರಂ’ ಮಾದರಿಯಲ್ಲಿ ಪಂದ್ಯಕ್ಕೆ ಮುಂಚೆ ನಾಣ್ಯ ಚಿಮ್ಮುತ್ತಾರೆ. ಗೆದ್ದ ತಂಡ ತನಗೆ ಬೇಕಾದ ಪಕ್ಷ ಆರಿಸಿಕೊಂಡರೆ, ಉಳಿದದ್ದು ಇನ್ನೊಂದು ತಂಡಕ್ಕೆ. ಹಾಗಾಗಿ ಎರಡು ಕಡೆಗೂ ತಯಾರಿ ಮಾಡಿಕೊಂಡೇ ಹೋಗಬೇಕು. ಹೀಗೆ ತಯಾರಾದ ಮೇಲೆ ಕೆಲವರ ಅಭಿಪ್ರಾಯ ಬದಲಾಗುತ್ತದೆ. ಕೆಲವರದು ಬದಲಾಗುವುದಿಲ್ಲ, ಆದರೆ ಈಗ ಅವರಿಗೆ ಕಾರಣ ಗೊತ್ತಿರುತ್ತದೆ.

ಸುಳ್ಳಾಗುವುದು ಬೇರೆ ಕಡೆ. ಇಲ್ಲದ ಅಂಕಿ ಅಂಶ ಹುಟ್ಟಿಸಿ ಹೇಳಿದರೆ ಅದು ಸುಳ್ಳು. ಅಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಪ್ರತಿ ಅಂಕಿಯನ್ನೂ ಎಲ್ಲಿಂದ ತೆಗೆದುಕೊಂಡಿರಿ, ಯಾವ ವರ್ಷದ್ದು ಅಂತ ಕಾರ್ಡಿನ ಹಿಂಬದಿಯಲ್ಲಿ ಬರೆದಿಡಿ. ಎದುರು ತಂಡದವರು ಕೇಳಿದರೆ ಕಾರ್ಡ್ ತಿರುಗಿಸಿ ಓದಿ ಹೇಳಿ.