ಡಯಾಲಿಸಿಸ್ ಫಿಲ್ಟರ್‌ನಲ್ಲಿ ರಕ್ತ ಹೆಪ್ಪುಗಟ್ಟುವುದೇಕೆ?

ಪ್ರಶ್ನೆ: ಅಪ್ಪನಿಗೆ ಕಾರವಾರದಲ್ಲಿ ಡಯಾಲಿಸಿಸ್ ಆಗುತ್ತಿದೆ. ಮೊನ್ನೆ ಅರ್ಧದಲ್ಲೇ ಫಿಲ್ಟರ್ ಒಳಗೆ ರಕ್ತ ಹೆಪ್ಪುಗಟ್ಟಿ, ಅದನ್ನು ಬದಲಿಸಬೇಕಾಯಿತು. ಫಿಲ್ಟರಿನ ಪೊರೆಯಲ್ಲಿರುವ ವಿದ್ಯುತ್ ಚಾರ್ಜಿನಿಂದ ಹೀಗಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ನಿಜವೇ?
– ಓದುಗರು, ಅಂಕೋಲಾ

ಉತ್ತರ: ಅವರು ಹೇಳಿದ್ದರಲ್ಲಿ ಹುರುಳಿದೆ. ಆದರೆ ಚಾರ್ಜ್ ಒಂದನ್ನೇ ದೂರಬೇಡಿ. ರಕ್ತ ನಿಧಾನ ಹರಿದರೂ, ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿ ಕಡಿಮೆ ಬಿದ್ದರೂ ಹೆಪ್ಪುಗಟ್ಟುತ್ತದೆ. ಮೊದಲು ಇವೆರಡನ್ನೇ ವಿಚಾರಿಸಿ.

ಇನ್ನು ಚಾರ್ಜಿನ ವಿಷಯ. ಕುಮಟಾದ ನನ್ನ ಲ್ಯಾಬಿನಲ್ಲಿ ಕೆಂಪು ಮುಚ್ಚಳದ ಪ್ಲಾಸ್ಟಿಕ್ ಟ್ಯೂಬ್ ಬಳಸುತ್ತೇವೆ. ರಕ್ತ ಬೇಗ ಹೆಪ್ಪುಗಟ್ಟಲಿ ಎಂದೇ ಅದರ ಒಳಮೈಗೆ ಸಿಲಿಕಾ ಲೇಪಿಸಿರುತ್ತಾರೆ. ಸಿಲಿಕಾಕ್ಕೆ ಗಾಜಿನ ಹಾಗೆಯೇ ಮೈನಸ್ ಚಾರ್ಜ್. ರಕ್ತದ ಫ್ಯಾಕ್ಟರ್ 12 ಎಂಬ ಪ್ರೋಟೀನ್ ಇಂಥ ಮೈಗೆ ತಾಗಿದರೆ ಆಕಾರ ಬದಲಿಸಿ ಚುರುಕಾಗುತ್ತದೆ. ಅದು ಫ್ಯಾಕ್ಟರ್ 11 ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ, ಹೀಗೆ ಮುಂದುವರಿದು ಕೊನೆಗೆ ಫೈಬ್ರಿನ್ ಎಂಬ ನಾರಿನ ಬಲೆ ಕಟ್ಟಿ ರಕ್ತ ಹೆಪ್ಪಾಗುತ್ತದೆ. ಮೈನಸ್ ಚಾರ್ಜಿನ ಪೊರೆಯಲ್ಲೂ ಹೀಗೇ ಆಗಬಹುದು.

ಈ ಪ್ರೋಟೀನ್ ಬೆಳಕಿಗೆ ಬಂದದ್ದು ಜಾನ್ ಹೇಗ್ಮನ್ ಎಂಬ ಅಮೆರಿಕದ ರೈಲ್ವೆ ನೌಕರರಿಂದ. ಗಾಜಿನ ಟ್ಯೂಬಿನಲ್ಲಿ ಅವರ ರಕ್ತ ಬೇಗ ಹೆಪ್ಪುಗಟ್ಟುತ್ತಿರಲಿಲ್ಲ. ಆದರೂ ಅವರಿಗೆ ರಕ್ತಸ್ರಾವದ ತೊಂದರೆಯೇ ಇರಲಿಲ್ಲ! 1955ರಲ್ಲಿ ಅಮೆರಿಕದ ವೈದ್ಯ ಆಸ್ಕರ್ ರಾಟ್ನಾಫ್ ಇದನ್ನು ಪ್ರಕಟಿಸಿದರು. ಗಾಯದ ರಕ್ತ ನಿಲ್ಲಲು ಈ ಪ್ರೋಟೀನ್ ಬೇಕೇ ಬೇಕೆಂದಿಲ್ಲ, ಆದರೆ ಕೃತಕ ಮೈಗೆ ತಾಗಿದರೆ ಕಾಡುತ್ತದೆ. ಹಾಗಾಗಿ ಇದೊಂದನ್ನೇ ತಡೆಯುವ ಔಷಧಿ ಸಿಕ್ಕರೆ ರಕ್ತಸ್ರಾವದ ಭಯವಿಲ್ಲದೆ ಡಯಾಲಿಸಿಸ್ ಮಾಡಬಹುದು ಎಂಬ ಆಸೆ ಸಂಶೋಧಕರಿಗೆ. ನನಗೂ ಅದೇ ಆಸೆ.

ಹಾಗಾದರೆ ಪ್ಲಸ್ ಚಾರ್ಜ್ ಒಳ್ಳೆಯದಾ? ಅಲ್ಲ. ಪ್ಲೇಟ್‌ಲೆಟ್, ಕೆಂಪು ಕಣಗಳ ಹೊರಮೈ ಮೈನಸ್. ಪ್ಲಸ್ ಮೈ ಸಿಕ್ಕರೆ ಅವು ಅಂಟಿಕೊಳ್ಳುತ್ತವೆ. ಗಾಯದ ಪಟ್ಟಿಗಳಲ್ಲಿ ರಕ್ತ ನಿಲ್ಲಿಸಲು ಬಳಸುವ ಕೈಟೋಸಾನ್ ಎಂಬ ಪ್ಲಸ್ ಚಾರ್ಜಿನ ವಸ್ತು ಕೆಲಸ ಮಾಡುವುದು ಹೀಗೆ. ನಮ್ಮ ಕರಾವಳಿಯಲ್ಲಿ ಎಸೆಯುವ ಶೆಟ್ಲಿ (ಸಿಗಡಿ) ಸಿಪ್ಪೆಯಿಂದಲೇ ಅದನ್ನು ತಯಾರಿಸಬಹುದು.

ಹೆಪಾರಿನ್‌ಗಂತೂ ಮೈನಸ್ ಚಾರ್ಜ್ ತುಂಬಾ ಜಾಸ್ತಿ, ಆದರೂ ಅದು ಹೆಪ್ಪು ತಡೆಯುತ್ತದೆ. ರಕ್ತದಲ್ಲಿ ಕರಗಿ, ಹೆಪ್ಪು ತಡೆಯುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿದು ಅದರ ಕೆಲಸವನ್ನು ಚುರುಕು ಮಾಡುತ್ತದೆ. ಚಾರ್ಜ್ ಎಷ್ಟಿದೆ ಎಂಬುದಷ್ಟೇ ಅಲ್ಲ, ಯಾವ ಅಣುವಿನಲ್ಲಿ, ಹೇಗೆ ಜೋಡಿಸಿದೆ ಎಂಬುದೂ ಮುಖ್ಯ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಎಎನ್69 ಎಂಬ ಡಯಾಲಿಸಿಸ್ ಪೊರೆಗೆ ಮೈನಸ್ ಚಾರ್ಜ್ ಹೆಚ್ಚು. ಅಲ್ಲಿ ರಕ್ತ ತಾಗಿದಾಗ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುವ ಬ್ರಾಡಿಕೈನಿನ್ ಎಂಬ ವಸ್ತು ಹುಟ್ಟುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆ ತಿನ್ನುವವರಲ್ಲಿ ಅದು ಬೇಗ ಕರಗುವುದಿಲ್ಲ. ಬಿಪಿ ದಿಢೀರ್ ಕುಸಿಯಬಹುದು. ಅಪ್ಪನ ಮಾತ್ರೆಗಳ ಪಟ್ಟಿಯನ್ನು ಡಯಾಲಿಸಿಸ್ ಸಿಬ್ಬಂದಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.