ಒಂದು ತಿಂಗಳ ನೋಟಿಸು, ಐದು ವಾರದ ಬಾಡಿಗೆ

ತಂಗೀ, ನಿನ್ನ ಪತ್ರ ಎರಡು ಸಲ ಓದಿದೆ. ಸಿಂಧನೂರಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಬರುತ್ತಿದ್ದೀಯ, ನರ್ಸ್ ಕೆಲಸ ಗಟ್ಟಿಯಾಗಿದೆ, ವೀಸಾನೂ ಬಂದಿದೆ. ತುಂಬಾ ಖುಷಿಯಾಯಿತು. ಚಳಿಗೆ ಏನು ತರಬೇಕು, ಅಕ್ಕಿ ಸಿಗುತ್ತಾ, ಮನೆ ಹೇಗೆ ಹಿಡಿಯಬೇಕು ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು: “ಅಕ್ಕಾ, ನಾನು ಕನ್ನಡ ಮೀಡಿಯಂ. ಮಾತಾಡೋಕೆ ಭಯ ಇಲ್ಲ, ಬರೆಯೋಕೆ ಭಯ.” ಜೊತೆಗೆ ನಿನ್ನ ಬಯೋಡೇಟಾ ಮತ್ತು ಈಗಿನ ಕೆಲಸ ಬಿಡುವ ಪತ್ರ ಕಳಿಸಿ, ತಿದ್ದಿಕೊಡಿ ಅಂದಿದ್ದೀಯ.

ಅಕ್ಕಿಯ ಚಿಂತೆ ಬಿಡು. ಸೋನಾ ಮಸೂರಿ ಇಲ್ಲಿ ಮೂಟೆಗಟ್ಟಲೆ ಸಿಗುತ್ತದೆ, ಜೋಳದ ಹಿಟ್ಟೂ ಸಿಗುತ್ತದೆ. ದಪ್ಪ ಕೋಟು ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ತಗೋ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಮೊದಲ ವರ್ಷ ಚಳಿಗಿಂತ ಆ ಕತ್ತಲೆಯೇ ಜಾಸ್ತಿ ಕಾಡುತ್ತದೆ. ಮಧ್ಯಾಹ್ನ ಸ್ವಲ್ಪ ಹೊತ್ತು ಹೊರಗೆ ಓಡಾಡು. ಮನೆಯ ವಿಷಯ ಕೆಳಗೆ ಬರೆಯುತ್ತೇನೆ. ಅದಕ್ಕೂ ನಿನ್ನ ಇಂಗ್ಲಿಷಿಗೂ ನಂಟಿದೆ.

ನಿನ್ನ ಎರಡೂ ಕಾಗದದಲ್ಲಿ ಭಾಷೆ ಚೆನ್ನಾಗಿದೆ. ನಿಜವಾಗಿ ಹೇಳುತ್ತಿದ್ದೇನೆ. ಎಡವಿದ್ದು ಒಂದೇ ಕಡೆ. ಬಯೋಡೇಟಾದಲ್ಲಿ “ಸಿಕ್ಸ್ ಇಯರ್’ಸ್ ಎಕ್ಸ್‌ಪೀರಿಯನ್ಸ್” ಅಂತ ಬರೆದು, ಎಸ್ ಅಕ್ಷರದ ಮುಂಚೆ ಅಪಾಸ್ಟ್ರಫಿ ಇಟ್ಟಿದ್ದೀಯ. ರಾಜೀನಾಮೆಯಲ್ಲಿ “ಒನ್ ಮಂತ್ಸ್ ನೋಟಿಸ್” ಅಂತ ಬರೆದು, ಅಪಾಸ್ಟ್ರಫಿಯನ್ನೇ ಬಿಟ್ಟಿದ್ದೀಯ. ಅಕ್ಷರದ ತಲೆಯ ಪಕ್ಕ ನಿಲ್ಲುವ ಆ ಸಣ್ಣ ಗೀಟು ಒಂದು ಕಡೆ ಜಾಗ ತಪ್ಪಿದೆ, ಇನ್ನೊಂದು ಕಡೆ ಇಲ್ಲವೇ ಇಲ್ಲ.

ಇದು ನಿನ್ನೊಬ್ಬಳ ತಪ್ಪಲ್ಲ. ನಾನು ಗಂಗಾವತಿಯಲ್ಲಿ ಹತ್ತನೆಯವರೆಗೆ ಓದಿದ್ದು ಕನ್ನಡದಲ್ಲೇ. ರಾಮನ ಪುಸ್ತಕ, ಹುಡುಗರ ಪುಸ್ತಕ ಅಂತ ಈ ಗುರುತು ಕಲಿಸಿದ್ದರು. ಕಾಲಕ್ಕೂ ಅದು ಬೇಕು ಅಂತ ಯಾರೂ ಹೇಳಿರಲಿಲ್ಲ. ಹುಡುಗರಿಗೆ ಪುಸ್ತಕ ಇರುತ್ತದೆ, ಸರಿ. ಆದರೆ ವಾರಕ್ಕೆ ಏನಿರುತ್ತದೆ? ನನಗೆ ಅದು ತಲೆಗೆ ಹತ್ತಿದ್ದು ಇಲ್ಲಿಗೆ ಬಂದಮೇಲೆ, ಅದೂ ನಮ್ಮಪ್ಪನ ಲೆಕ್ಕದ ಪುಸ್ತಕ ನೆನಪಾಗಿ.

ನಮಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನಾಲ್ಕು ಎಕರೆ ಗದ್ದೆ ಇತ್ತು. ನಾಟಿಯ ದಿನಗಳಲ್ಲಿ ಲೆಕ್ಕ ಬರೆಯುವುದು ನನ್ನ ಪಾಲಿಗೆ. ಸಂಜೆ ಬದುವಿನ ಮೇಲೆ ಕೂತಿರುತ್ತಿದ್ದೆ. ಹೆಣ್ಣುಮಕ್ಕಳು ಕಾಲುವೆಯಲ್ಲಿ ಕೈಕಾಲಿನ ಕೆಸರು ತೊಳೆದುಕೊಂಡು ಸಾಲಾಗಿ ಬಂದು ನಿಲ್ಲುವರು. ಒಬ್ಬೊಬ್ಬರ ಹೆಸರಿನ ಮುಂದೆ ಬರೆಯುತ್ತಿದ್ದೆ: ಎರಡು ದಿನದ ಪಗಾರ, ಮೂರು ದಿನದ ಪಗಾರ. “ಮೂರು ದಿನ ಪಗಾರ” ಅಂತ ನಾವು ಯಾರೂ ಬರೆಯುವುದಿಲ್ಲ, ಅಲ್ವಾ? ಪಗಾರ ಯಾವುದರದು? ದಿನದ್ದು. ಆ ದಿನಗಳಿಗೆ ಸೇರಿದ ದುಡ್ಡು ಅದು. ಇಂಗ್ಲಿಷಿನಲ್ಲಿ ಅದೇ “ಥ್ರೀ ಡೇಸ್’ ವೇಜಸ್”. ನಮ್ಮ “ದ” ಮಾಡುವ ಕೆಲಸವನ್ನೇ ಅಲ್ಲಿ ಅಪಾಸ್ಟ್ರಫಿ ಮಾಡುತ್ತದೆ. ವಾರದ ನೋಟಿಸು, ತಿಂಗಳ ಬಾಡಿಗೆ, ವರ್ಷದ ಅನುಭವ, ಎಲ್ಲ ಹೀಗೇ. ಷಷ್ಠಿ ವಿಭಕ್ತಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದು ನಿನಗೆ ಆಗಲೇ ಗೊತ್ತು.

ಹಾಗಾದರೆ ತಪ್ಪುವುದು ಯಾಕೆ? ಕನ್ನಡದಲ್ಲಿ ಅಂಕಿ ಬಂದರೆ ಸಾಕು, “ಮೂರು ದಿನ” ಅಂದುಬಿಡುತ್ತೇವೆ. “ಗಳು” ಬೇಕಾಗುವುದಿಲ್ಲ. ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚಾದರೆ ಎಸ್ ಹಚ್ಚಲೇಬೇಕು. ಷಷ್ಠಿಗೂ ಅದೇ ಎಸ್. ಬಹುವಚನದ ಎಸ್ ಮೊದಲೇ ಬಂದು ಕೂತಿದ್ದರೆ ಷಷ್ಠಿ ಇನ್ನೊಂದು ಎಸ್ ತರುವುದಿಲ್ಲ, ಬರೀ ಗೀಟು ಇಟ್ಟು ಹೋಗುತ್ತದೆ. ಆ ಗೀಟಿಗೆ ಸದ್ದಿಲ್ಲ. ಹಾಗಾಗಿ “ವೀಕ್’ಸ್”, “ವೀಕ್ಸ್’”, “ವೀಕ್ಸ್” ಮೂರೂ ಕಿವಿಗೆ ಒಂದೇ.

ಅದಕ್ಕೆ ನಾನು ಹಿಡಿದ ದಾರಿ ಇಷ್ಟೇ. ಅನುಮಾನ ಬಂದಾಗ ಅಂಕಿಯನ್ನು ಒಂದಕ್ಕೆ ಇಳಿಸಿ ಬಾಯಿಬಿಟ್ಟು ಹೇಳಿ ನೋಡು. ಇಲ್ಲಿ ಯಾರೂ “ಒನ್ ವೀಕ್ ನೋಟಿಸ್ ಕೊಟ್ಟೆ” ಅನ್ನುವುದಿಲ್ಲ, “ಒನ್ ವೀಕ್’ಸ್ ನೋಟಿಸ್” ಅನ್ನುತ್ತಾರೆ. ವಾರ ಒಂದೇ ಆದರೂ ಎಸ್ ಕೇಳಿಸಿತು. ಅಂದರೆ ಅದು ಷಷ್ಠಿಯ ಎಸ್, ಗೀಟು ಬೇಕೇ ಬೇಕು. ಈಗ ಅಂಕಿಯನ್ನು ಎರಡು ಮಾಡು: “ಟು ವೀಕ್ಸ್’ ನೋಟಿಸ್”, ಗೀಟು ಎಸ್ ಆದಮೇಲೆ. ಒಂದಿದ್ದರೆ ಎಸ್ ಮುಂಚೆ, ಹೆಚ್ಚಿದ್ದರೆ ಎಸ್ ಆದಮೇಲೆ.

ಈ ದೇಶದ ಕಾನೂನಿನಲ್ಲೇ ಎರಡೂ ರೂಪ ಅಕ್ಕಪಕ್ಕ ಇವೆ. 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆ್ಯಕ್ಟ್‌ನ ಸೆಕ್ಷನ್ 86 ನೋಡು. ಒಂದು ತಿಂಗಳಾದರೂ ದುಡಿದವರನ್ನು ತೆಗೆಯಬೇಕಾದರೆ ಮಾಲೀಕರು ಕನಿಷ್ಠ “ಒನ್ ವೀಕ್’ಸ್ ನೋಟಿಸ್” ಕೊಡಬೇಕು. ಎರಡು ವರ್ಷ ದಾಟಿದರೆ ವರ್ಷಕ್ಕೊಂದು ವಾರದಂತೆ ಅದು ಏರುತ್ತದೆ. ಹನ್ನೆರಡು ವರ್ಷ ತುಂಬಿದವರಿಗೆ “ಟ್ವೆಲ್ವ್ ವೀಕ್ಸ್’ ನೋಟಿಸ್”. ನಾವಾಗಿ ಬಿಡುವುದಾದರೆ, ತಿಂಗಳು ಕಳೆದಮೇಲೆ ಕನಿಷ್ಠ ಒಂದು ವಾರದ ನೋಟಿಸು ಕೊಡಬೇಕು. ನಿನ್ನ ಕರಾರಿನಲ್ಲಿ ಅದಕ್ಕಿಂತ ಜಾಸ್ತಿ ಬರೆದಿರಬಹುದು. ಸಹಿ ಮಾಡುವ ಮುಂಚೆ ಆ ಸಾಲು ಹುಡುಕಿ ಓದು. ರಜೆಯೂ ಇದೇ ಭಾಷೆಯಲ್ಲಿರುತ್ತದೆ. ವರ್ಷಕ್ಕೆ ಕನಿಷ್ಠ 5.6 ವಾರದ ಸಂಬಳ ಸಹಿತ ರಜೆ, ವಾರಕ್ಕೆ ಐದು ದಿನ ದುಡಿಯುವವರಿಗೆ ಅದು 28 ದಿನ. ಕೊಪ್ಪಳದ ಗವಿಮಠದ ಜಾತ್ರೆಗೆ ಜನವರಿಯಲ್ಲಿ ಊರಿಗೆ ಹೋಗಬೇಕು ಅನ್ನಿಸಿದರೆ “ಟೆನ್ ಡೇಸ್’ ಲೀವ್” ಅಂತ ಬರೆದು ಬೇಗನೇ ಕೇಳಬೇಕು.

ಇನ್ನು ಮನೆ. ಇಂಗ್ಲೆಂಡಿನಲ್ಲಿ 2019ರ ಟೆನೆಂಟ್ ಫೀಸ್ ಆ್ಯಕ್ಟ್ ಪ್ರಕಾರ, ಮನೆ ನಿನಗೇ ಅಂತ ಹಿಡಿದಿಡಲು ಒಂದು ವಾರದ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಆಮೇಲೆ ಡಿಪಾಸಿಟ್. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಅದು ಐದು ವಾರದ ಬಾಡಿಗೆ ದಾಟಬಾರದು. ಮೊದಲನೆಯದು “ಒನ್ ವೀಕ್’ಸ್ ರೆಂಟ್”, ಎರಡನೆಯದು “ಫೈವ್ ವೀಕ್ಸ್’ ರೆಂಟ್”. ನಮ್ಮ ಕಡೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸ ಆದವರಿಗೆ ಇಲ್ಲಿ ಯಾರಾದರೂ ಜಾಸ್ತಿ ಕೇಳಿದರೂ ತಪ್ಪು ಅನ್ನಿಸುವುದಿಲ್ಲ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈ ಗೀಟು ನನಗೆ ಒಂದು ಸಲ ಕಷ್ಟ ಕೊಟ್ಟಿತ್ತು. ಅವ್ವನಿಗೆ ಹುಷಾರಿಲ್ಲದೆ ಊರಿಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಎರಡು ತಿಂಗಳ ಬಾಡಿಗೆ ನಿಂತಿತ್ತು. ಮನೆಯ ಏಜೆಂಟರಿಗೆ ಶುಕ್ರವಾರ ಬಾಡಿಗೆ ಕಟ್ಟುತ್ತೇನೆ ಅಂತ ಮೇಲ್ ಹಾಕಿದೆ. “ದ ಮಂತ್’ಸ್ ರೆಂಟ್” ಅಂತ ಬರೆದೆ. ನನ್ನ ಮನಸ್ಸಿನಲ್ಲಿದ್ದದ್ದು ಆ ಎರಡೂ ತಿಂಗಳು. ಅವರು ಓದಿದ್ದು ಒಂದು ತಿಂಗಳು, ನಾನು ಬರೆದದ್ದೂ ಅದೇ. ಉಳಿದ ತಿಂಗಳ ಬಗ್ಗೆ ಖಾರವಾದ ಪತ್ರ ಬಂತು. ಅವ್ವನ ಚಿಂತೆಯಲ್ಲಿದ್ದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಗೀಟು ಎಸ್ ಆದಮೇಲೆ ಇದ್ದಿದ್ದರೆ, ಅಥವಾ ಸುಮ್ನೆ “ಟು ಮಂತ್ಸ್’ ರೆಂಟ್” ಅಂತ ಅಂಕಿ ಹಾಕಿ ಬರೆದಿದ್ದರೆ, ಅಲ್ಲಿಗೇ ಮುಗಿಯುತ್ತಿತ್ತು. ಅವತ್ತಿನಿಂದ ದುಡ್ಡಿನ ಕಾಗದದಲ್ಲಿ ಅಂಕಿ ಬಿಟ್ಟು ಬರೆದಿಲ್ಲ. ನೀನೂ ಬಿಡಬೇಡ.

ಆದರೆ ಕನ್ನಡದ “ದ” ನೋಡಿ ಎಲ್ಲ ಕಡೆ ಗೀಟು ಇಡಬೇಡ. “ಮೂರು ವರ್ಷದ ಹಿಂದೆ” ಅನ್ನುತ್ತೇವೆ. ಇಂಗ್ಲಿಷಿನ “ಥ್ರೀ ಇಯರ್ಸ್ ಅಗೋ” ಗೀಟು ಕೇಳುವುದಿಲ್ಲ. ಒಂದಕ್ಕೆ ಇಳಿಸಿ ನೋಡು: “ಒನ್ ಇಯರ್ ಅಗೋ”. ಎಸ್ ಕೇಳಿಸಲಿಲ್ಲ, ಮುಗಿಯಿತು. “ಟು ವೀಕ್ಸ್ ಲೇಟ್” ಅನ್ನುವುದಕ್ಕೂ ಇಲ್ಲ. ನಿನ್ನ ಕೆಲಸದಲ್ಲಿ ದಿನಾ ಬರೆಯುವ “ಫೋರ್ ಮಂತ್ಸ್ ಪ್ರೆಗ್ನೆಂಟ್” ಅನ್ನುವುದಕ್ಕೂ ಇಲ್ಲ. ಲೇಟ್, ಪ್ರೆಗ್ನೆಂಟ್ ಅನ್ನುವುದು ವಸ್ತುವಲ್ಲ, ಸ್ಥಿತಿ. ಅದು ತಿಂಗಳಿಗೆ ಸೇರುವುದಿಲ್ಲ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ. ಕಾಲದ ಮಾತಿನ ಮುಂಚೆ “ಎ” ಬಂದು, ಅದು ರಜೆಗೋ ಕೋರ್ಸಿಗೋ ಸೇರಿದ್ದರೆ ಗೀಟೂ ಬೇಡ, ಬಹುವಚನವೂ ಬೇಡ, ಹೈಫನ್ ಹಾಕು: “ಎ ಥ್ರೀ-ವೀಕ್ ಕೋರ್ಸ್”. “ಎ” ಇಲ್ಲದೆ ಬರೀ ರಜೆ ಅಂದರೆ “ಥ್ರೀ ವೀಕ್ಸ್’ ಹಾಲಿಡೇ”. ಎರಡೂ ಸರಿ, ಎರಡನ್ನೂ ಕಲಸಬಾರದು.

ಇಲ್ಲಿಯವರೂ ಇದನ್ನು ಬಿಟ್ಟು ಬರೆಯುವುದು ಉಂಟು. ಇದೇ ಬರ್ಮಿಂಗ್‌ಹ್ಯಾಮಿನ ಸಿಟಿ ಕೌನ್ಸಿಲ್ 2009ರಲ್ಲಿ ಬೀದಿ ಫಲಕಗಳಲ್ಲಿ ಅಪಾಸ್ಟ್ರಫಿ ಬೇಡ ಅಂತ ತೀರ್ಮಾನ ಮಾಡಿತು. ಹಾಗಂತ ನಾವು ಬಿಡುವುದು ಬೇಡ. ಆರು ವರ್ಷ ರಾತ್ರಿ ಪಾಳಿ ಮಾಡಿ ಗಳಿಸಿದ ಅನುಭವ ನಿನ್ನದು. ಅದನ್ನು ಹೇಳುವ ಸಾಲು ನೆಟ್ಟಗಿರಬೇಕು ಅಂತ ನನಗೆ ಆಸೆ.

ನಿನ್ನ ಎರಡೂ ಸಾಲು ತಿದ್ದಿದ್ದೇನೆ. ಬಯೋಡೇಟಾದಲ್ಲಿ “ಸಿಕ್ಸ್ ಇಯರ್ಸ್’ ಎಕ್ಸ್‌ಪೀರಿಯನ್ಸ್”, ರಾಜೀನಾಮೆಯಲ್ಲಿ “ಒನ್ ಮಂತ್’ಸ್ ನೋಟಿಸ್”. ಉಳಿದದ್ದು ನೀನು ಬರೆದ ಹಾಗೇ ಇರಲಿ. ಬಾಡಿಗೆ ಕರಾರು ಬಂದಾಗ ಸಹಿ ಮಾಡುವ ಮುಂಚೆ ನನಗೊಂದು ಫೋಟೋ ಕಳಿಸು. ಡಿಪಾಸಿಟ್ ಎಷ್ಟು ವಾರದ್ದು ಅಂತ ಇಬ್ಬರೂ ಕೂಡಿ ನೋಡೋಣ.